ಕಪ್ಪು ಪರದೆ, ಹಳದಿ ಅಕ್ಷರ

"ಯಾರ್ರೀ ನನ್ನ ಕಂಪ್ಯೂಟರ್ ಮುಟ್ಟಿದ್ದು?"

ಅವಳ ಕೂಗಿಗೆ ಮುದ್ರಣಾಲಯದ ಆ ಉದ್ದನೆಯ ಹಾಲ್‌ನಲ್ಲಿ ಕೀಲಿಮಣೆಗಳ ಟಕಟಕ ಒಮ್ಮೆಲೇ ನಿಂತುಹೋಯಿತು. ಅವಳು ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದಳು. ಎದುರಿಗಿದ್ದ ಪರದೆ ಬೆಳ್ಳಗೆ ಹೊಳೆಯುತ್ತಿತ್ತು. ನಿನ್ನೆ ಸಂಜೆ ಬಿಟ್ಟು ಹೋಗುವಾಗ ಅದು ಕಪ್ಪಗಿತ್ತು. ಕಪ್ಪಿನ ಮೇಲೆ ಹಳದಿ ಅಕ್ಷರ, ಮೌಸ್ ಅಲ್ಲಾಡಿಸಿದರೆ ಓಡುವ, ಹೆಬ್ಬೆರಳಿನಷ್ಟು ದಪ್ಪದ ಕೆಂಪು ಬಾಣ... ಈಗ ಅದ್ಯಾವುದೂ ಇಲ್ಲ!

ಮೇಜಿನ ಕೆಳಗಿನಿಂದ ಒಂದು ತಲೆ ಹೊರಗೆ ಬಂತು. ಕೆದರಿದ ಕೂದಲು, ಬಾಯಲ್ಲಿ ಕಚ್ಚಿಕೊಂಡ ವೈರು. ಅವನು ವೈರನ್ನು ಬಾಯಿಂದ ತೆಗೆದು ತೀರಾ ಸಮಾಧಾನವಾಗಿ ಹೇಳಿದ.

"ನಾನೇ. ನಿಮ್ಮದರಲ್ಲಿ ಏನೋ ಕೆಟ್ಟುಹೋಗಿತ್ತು. ಬಣ್ಣ ಎಲ್ಲಾ ತಿರುಗಾಮುರುಗಾ, ಬಾಣ ನೋಡಿದ್ರೆ ಇಷ್ಟು ದಪ್ಪ! ವೈರಸ್ ಇರಬೇಕು ಅಂತ ಎಲ್ಲಾ ತೆಗೆದು ಸರಿ ಮಾಡಿದೀನಿ. ಥ್ಯಾಂಕ್ಸ್ ಏನೂ ಬೇಡ."

"ಥ್ಯಾಂಕ್ಸಾ?" ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಕೆಟ್ಟಿರೋದು ಕಂಪ್ಯೂಟರ್ ಅಲ್ಲ ಕಣ್ರೀ, ನಿಮ್ಮ ತಲೆ! ಯಾರನ್ನ ಕೇಳಿ ಮುಟ್ಟಿದ್ರಿ? ವರ್ಷಗಟ್ಟಲೆ ಕೂತು ಒಂದೊಂದಾಗಿ ಹೊಂದಿಸಿಕೊಂಡಿದ್ದು ಅದು. ಇದ್ದ ಹಾಗೇ ವಾಪಸ್ ಬೇಕು ನನಗೆ. ಈಗಲೇ!"

ಹಾಲ್ ಪೂರ್ತಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿತ್ತು. ಪುಕ್ಕಟೆ ಮನರಂಜನೆ ಯಾರಿಗೆ ಬೇಡ ಹೇಳಿ?

ಅವಳಿಗೆ ಅಲ್ಲಿ 'ಕಾಗುಣಿತಮ್ಮ' ಎಂದು ಅಡ್ಡಹೆಸರು. ವಯಸ್ಸಾದವಳು ಅಂದುಕೊಳ್ಳಬೇಡಿ, ಇನ್ನೂ ಮೂವತ್ತು ದಾಟಿಲ್ಲ. ಶಾಲೆಯ ಪಠ್ಯಪುಸ್ತಕಗಳನ್ನು ಪುಟಕ್ಕೆ ಹೊಂದಿಸುವುದು, ತಪ್ಪು ತಿದ್ದುವುದು ಅವಳ ಕೆಲಸ. ಬಿಟ್ಟುಹೋದ ಒಂದು ಕೊಂಬು, ಹೆಚ್ಚಾದ ಒಂದು ಚುಕ್ಕಿ ಅವಳ ಕೈಯಿಂದ ತಪ್ಪಿಸಿಕೊಂಡು ಹೋದದ್ದನ್ನು ಕಂಡವರಿಲ್ಲ. ಕೋಪ ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ.

ಅವನು ಎದುರು ರಸ್ತೆಯ ಕಂಪ್ಯೂಟರ್ ರಿಪೇರಿ ಅಂಗಡಿಯವನು. ಮುದ್ರಣಾಲಯಕ್ಕೆ ಹೊಸ ಕಂಪ್ಯೂಟರ್‌ಗಳು ಬಂದಿದ್ದವು. ಹಳೆಯದರಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ತನ್ನ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಬಲವಾಗಿ ನಂಬಿದ್ದವನು. ಹಾಗಾಗಿ ಬೈಗುಳ ಕೇಳಿ ಅವನಿಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

"ಕಿರುಚಬೇಡಿ ಮೇಡಂ. ವಾಪಸ್ ಕೊಡ್ತೀನಿ."

"ಹೇಗೆ ಕೊಡ್ತೀರಾ? ಅಳಿಸಿ ಹಾಕಿದೀರಲ್ಲ!"

"ಯಾವ ಕಂಪ್ಯೂಟರ್ ಮುಟ್ಟೋಕೂ ಮುಂಚೆ ಅದು ಇದ್ದ ಹಾಗೇ ಒಂದು ನಕಲು ತೆಗೆದಿಟ್ಕೊಳ್ಳೋದು ನನ್ನ ಪದ್ಧತಿ. ಕೊಳಕಾಗಿದ್ರೂ ಸರಿ, ಕೆಟ್ಟಿದ್ರೂ ಸರಿ. ನಿಮ್ಮ ವೈರಸ್ ಕೂಡ ಭದ್ರವಾಗಿದೆ."

"ಅದು ವೈರಸ್ ಅಲ್ಲ!"

"ಮತ್ತೇನು?"

ಅವಳು ಬಾಯಿ ತೆರೆದಳು... ಹಾಗೇ ಮುಚ್ಚಿದಳು. ಅದೊಂದನ್ನು ಮಾತ್ರ ಈ ಹಾಲ್‌ನಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ.

"ನನಗೆ ಹಾಗೇ ಇಷ್ಟ. ಅಷ್ಟೇ," ಎಂದು ಮುಖ ತಿರುಗಿಸಿದಳು.

ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ಹಿಡಿದು ಹೊರಗೆ ಹೋದರು. ಅವನು ಮಾತ್ರ ಅವಳ ಮೇಜಿನ ಬಳಿ ಸ್ಟೂಲ್ ಎಳೆದುಕೊಂಡು ಕೂತ. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಹಳದಿ ಅಕ್ಷರಗಳು ಬಂದವು, ಕೆಂಪು ಬಾಣವೂ ಬಂತು.

ಅವಳು ಉಸಿರು ಬಿಟ್ಟಳು. ಕುರ್ಚಿ ಮುಂದಕ್ಕೆ ಎಳೆದು, ಮೂಗು ಪರದೆಗೆ ತಾಗುವಷ್ಟು ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿಕೊಂಡು ಓದತೊಡಗಿದಳು. ಎರಡು ಸಾಲು ಓದಿದಳೋ ಇಲ್ಲವೋ, ಒಂದು ತಪ್ಪು ಸಿಕ್ಕಿತು. ತಿದ್ದಿದಳು.

ಪಕ್ಕದಲ್ಲಿ ಅವನು ಪರದೆ ಬಿಟ್ಟು ಅವಳನ್ನೇ ನೋಡುತ್ತಿದ್ದ.

'ಗೊತ್ತಾಗಿಹೋಯಿತು!' ಮುಚ್ಚಿಟ್ಟು ಉಪಯೋಗವಿಲ್ಲ ಅನ್ನಿಸಿತು.

"ಹೌದು, ನನ್ನ ಕಣ್ಣು ಸರಿ ಇಲ್ಲ," ಎಂದಳು, ಜಗಳಕ್ಕೆ ನಿಂತವಳ ಹಾಗೆ. "ಬಿಳೀ ಬೆಳಕು ಬಿದ್ರೆ ಸೂಜಿ ಚುಚ್ಚಿದ ಹಾಗಾಗತ್ತೆ. ನೇರ ನೋಡಿದ್ರೆ ನಡುವೆ ಮಬ್ಬು. ಕನ್ನಡಕಕ್ಕೆ ಬಗ್ಗೋದಲ್ಲ. ಹೀಗೇ ಇರಬಹುದು, ನಿಧಾನಕ್ಕೆ ಇನ್ನೂ ಕಮ್ಮಿ ಆಗಬಹುದು, ಡಾಕ್ಟರಿಗೇ ಗೊತ್ತಿಲ್ಲ. ಆದ್ರೆ ಹೀಗೆ ಇಟ್ಕೊಂಡ್ರೆ ನಾನು ಯಾರಿಗೂ ಕಮ್ಮಿ ಇಲ್ಲದ ಹಾಗೆ ಕೆಲಸ ಮಾಡ್ತೀನಿ. ಮ್ಯಾನೇಜರ್‌ಗೆ ಗೊತ್ತಾದ್ರೆ ಒಂದು ಪುಟ ಮುಟ್ಟೋಕೂ ಬಿಡಲ್ಲ. ಈ ಕೆಲಸ ನಂದು. ಇದನ್ನ ಬಿಟ್ರೆ ನನಗೆ ಇನ್ನೊಂದು ಬೇಡ. ನೀವು ಯಾರ ಹತ್ರನೂ ಬಾಯಿ ಬಿಡಬಾರದು!"

ಈಗ ಬರುತ್ತದೆ ನೋಡು, 'ಅಯ್ಯೋ ಪಾಪ' ಅನ್ನುವ ಮಾತು. ಅವಳು ಹಲ್ಲು ಕಚ್ಚಿಕೊಂಡು ಕಾದಳು. ಆ ಮಾತಿನಷ್ಟು ಅವಳು ದ್ವೇಷಿಸುತ್ತಿದ್ದದ್ದು ಜಗತ್ತಿನಲ್ಲಿ ಇನ್ನೊಂದಿರಲಿಲ್ಲ.

ಅವನು ತಲೆ ಕೆರೆದುಕೊಂಡ.

"ಬಾಣಕ್ಕೆ ಕೆಂಪು ಯಾಕೆ? ಹಸಿರು ಇನ್ನೂ ಚೆನ್ನಾಗಿ ಕಾಣಲ್ವಾ?"

"...ಏನು?"

"ಅಲ್ಲ, ಕಪ್ಪಿನ ಮೇಲೆ ಹಸಿರು ಎದ್ದು ಕಾಣತ್ತಲ್ಲ ಅಂತ ಕೇಳಿದೆ."

"ಹಸಿರು ಹಳದಿ ಜೊತೆ ಸೇರಿಹೋಗತ್ತೆ ನನಗೆ. ಅಕ್ಷರದ ಮೇಲೆ ಬಂದ್ರೆ ಬಾಣ ಎಲ್ಲಿದೆ ಅಂತಾನೇ ಗೊತ್ತಾಗಲ್ಲ."

"ಹೌದಲ್ಲ!" ಅವನು ನಿಜವಾಗಿಯೂ ಮೆಚ್ಚಿಕೊಂಡ. "ಯೋಚನೆ ಮಾಡಿ ಇಟ್ಟಿದೀರಾ."

ಅವಳು ತಬ್ಬಿಬ್ಬಾದಳು. ಇಷ್ಟು ವರ್ಷದಲ್ಲಿ ಒಬ್ಬರೂ ಅವಳ ಕಣ್ಣಿನ ಬಗ್ಗೆ ಇಂಥ ಪ್ರಶ್ನೆ ಕೇಳಿರಲಿಲ್ಲ.

"ಆದ್ರೆ ಒಂದು ತೊಂದರೆ ಇದೆ," ಎಂದ ಅವನು. "ಫೈಲು ಸಾಗಿಸೋದು ಸುಲಭ. ಮನೆ ಸಾಮಾನು ಇದ್ದ ಹಾಗೆ, ಲಾರಿಗೆ ಹಾಕಿದ್ರೆ ಬರತ್ತೆ. ಸೆಟ್ಟಿಂಗ್ ಅಂದ್ರೆ ಹಾಗಲ್ಲ. ಹಳೇ ಮನೇಲಿ ಕತ್ತಲಲ್ಲೂ ಸ್ವಿಚ್ ಎಲ್ಲಿದೆ ಅಂತ ಕೈಗೇ ಗೊತ್ತಿರತ್ತಲ್ಲ, ಅದು. ಅದನ್ನ ಯಾವ ಲಾರಿಗೆ ಹಾಕ್ಲಿ? ಹೊಸದರಲ್ಲಿ ಎಷ್ಟೋ ಜಾಗಾನೇ ಬದಲಾಗಿದೆ, ಕೈಯಾರೆ ಮಾಡಬೇಕು. ಅದರ ಮೇಲೆ ನಿಮ್ಮ ಮ್ಯಾನೇಜರ್ ಎಲ್ಲಾ ಕಂಪ್ಯೂಟರೂ ಒಂದೇ ಥರ ಇರಬೇಕು ಅಂದಿದಾರೆ."

"ಒಂದೇ ಥರ ಅಂದ್ರೆ?"

"ಬಿಳೀ ಪರದೆ. ಸಣ್ಣ ಬಾಣ."

ಅವಳ ದನಿ ಗಟ್ಟಿಯಾಯಿತು. "ಆಗಲ್ಲ."

"ಆಗಲ್ಲ ಅಂತಾನೇ ನನಗೂ ಅನ್ನಿಸ್ತಿದೆ," ಎಂದು ಅವನು ಎದ್ದ. "ನಿಮ್ಮದನ್ನ ಕೊನೆಗೆ ಇಟ್ಕೊಳ್ತೀನಿ. ದಿನಾ ಊಟದ ಹೊತ್ತಲ್ಲಿ ಕೂತು ಮಾಡೋಣ. ಬೈಯೋದು ಮಾತ್ರ ಸ್ವಲ್ಪ ಕಮ್ಮಿ ಮಾಡಿ."

"ನೋಡೋಣ," ಎಂದಳು.

ಕಮ್ಮಿ ಏನೂ ಮಾಡಲಿಲ್ಲ, ಅದು ಬೇರೆ ಮಾತು.

ದಿನವೂ ಹಾಲ್ ಖಾಲಿಯಾದ ಮೇಲೆ ಅವನು ಬರುತ್ತಿದ್ದ. ಎಡಗಡೆ ಹಳೆಯ ಕಂಪ್ಯೂಟರ್, ಬಲಗಡೆ ಹೊಸದು, ನಡುವೆ ಇಬ್ಬರು. ಅವಳು 'ರಿಪೇರಿ' ಎಂದು ಅವನಿಗೆ ಹೆಸರಿಟ್ಟಳು. ಅವನು ಬೇಸರ ಮಾಡಿಕೊಳ್ಳಲಿಲ್ಲ.

ಸಾಗಿಸಬೇಕಾದದ್ದು ಎಷ್ಟೊಂದಿತ್ತು! ಸಾಲು ಪುಟದ ಅಂಚು ದಾಟಿದರೆ ಟಿಣ್ ಎನ್ನುವ ಸಣ್ಣ ಗಂಟೆ, ಅದಂತೂ ಹೊಸದರಲ್ಲಿ ಇವತ್ತು ಸರಿ ಮಾಡಿದರೆ ನಾಳೆ ಮತ್ತೆ ಕೆಟ್ಟಿರುತ್ತಿತ್ತು. ಎರಡೇ ಅಕ್ಷರ ಒತ್ತಿದರೆ ತಾನಾಗಿ ಮೂಡುವ ಉದ್ದುದ್ದ ಪದಗಳು. ಅವಳು ಒಂದೊಂದಾಗಿ ಸೇರಿಸುತ್ತ ಬಂದಿದ್ದ ಸಾವಿರಾರು ಸರಿಯಾದ ಪದಗಳ ಭಂಡಾರ. ಅದು ಎಲ್ಲೋ ಒಳಗೆ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಜಾಗದಲ್ಲಿ ಅಡಗಿತ್ತು. ಸುಮ್ಮನೆ ಫೈಲುಗಳನ್ನು ಎತ್ತಿಕೊಂಡು ಹೋಗಿದ್ದರೆ ಅದು ಅಲ್ಲೇ ಉಳಿದುಬಿಡುತ್ತಿತ್ತು.

"ಇಷ್ಟೊಂದು ಪದ! ಯಾರು ಹಾಕಿದ್ದು ಇದನ್ನೆಲ್ಲ?"

"ನಾನು. ಕಂಪ್ಯೂಟರ್‌ಗೆ 'ದ್ಯುತಿಸಂಶ್ಲೇಷಣೆ' ಅಂದ್ರೆ ಗೊತ್ತೇ ಇರಲಿಲ್ಲ. ಕೆಂಪು ಗೆರೆ ಎಳೀತಿತ್ತು. ನಾನೇ ಕಲಿಸಿದೆ."

"ನನಗೂ ಗೊತ್ತಿಲ್ಲ."

"ನಿಮಗೂ ಕೆಂಪು ಗೆರೆ ಎಳೆದು ಬಿಡ್ತೀನಿ, ತಡೀರಿ!"

ಅವನು ನಕ್ಕ. ಅವಳಿಗೂ ನಗು ಬಂತು. ಬಂದ ಮೇಲೆ, 'ಅರೆ, ನಾನು ಯಾಕೆ ನಗ್ತಿದೀನಿ ಇವನ ಜೊತೆ?' ಎಂದು ತನ್ನನ್ನೇ ಗದರಿಕೊಂಡಳು.

ಒಂದು ಮಧ್ಯಾಹ್ನ ಅವನು ಸಪ್ಪೆ ಮುಖ ಹಾಕಿಕೊಂಡು ಬಂದ.

"ಏನಾಯ್ತು?"

"ನಿನ್ನೆ ಇಡೀ ದಿನ ನನ್ನ ಲ್ಯಾಪ್‌ಟಾಪನ್ನ ನಿಮ್ಮ ಥರ ಇಟ್ಕೊಂಡು ಕೆಲಸ ಮಾಡಿದೆ. ಕಪ್ಪು, ಹಳದಿ, ದಪ್ಪ ಬಾಣ, ಎಲ್ಲಾ."

"ಯಾಕೆ?"

"ನೀವು ಹೇಳೋದು ನನಗೆ ಅರ್ಥ ಆಗಬೇಕಲ್ಲ. ಅಭ್ಯಾಸ ಇಲ್ಲ ನೋಡಿ, ಗಿರಾಕಿಗೆ ಕಳಿಸಬೇಕಾದ ಮೆಸೇಜು ನಮ್ಮ ಅತ್ತಿಗೆಗೆ ಹೋಯ್ತು. 'ನಿಮ್ಮದು ತುಂಬಾ ಹಳೇದಾಗಿದೆ, ಇನ್ನು ರಿಪೇರಿ ಮಾಡಿ ಪ್ರಯೋಜನ ಇಲ್ಲ, ಬದಲಾಯಿಸೋದೇ ಒಳ್ಳೇದು' ಅಂತ. ಅತ್ತಿಗೆ ಮಾತು ಬಿಟ್ಟಿದಾರೆ. ಅಣ್ಣ ಮಾತ್ರ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ನಗ್ತಿದಾನೆ."

ಅವಳು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಆ ನೀರು ನಗುವಿನದ್ದಷ್ಟೇ ಅಲ್ಲ ಎಂದು ಅವಳಿಗೇ ತಿಳಿಯಿತು.

'ಒಂದು ದಿನ... ಒಬ್ಬ ಮನುಷ್ಯ ಒಂದು ಇಡೀ ದಿನ ನನ್ನ ಹಾಗೆ ನೋಡಲು ಪ್ರಯತ್ನಪಟ್ಟ. ನಾನು ಕೇಳಿರಲಿಲ್ಲ. ಆದರೂ.'

ಅವಳು ಥಟ್ಟನೆ ಪರದೆಯತ್ತ ತಿರುಗಿದಳು. ಈ ಯೋಚನೆ ಒಳ್ಳೆಯದಲ್ಲ. ಇವತ್ತು ಒಬ್ಬ ನಗಿಸುತ್ತಾನೆ. ನಾಳೆ ಅವನೂ ಎಲ್ಲರ ಹಾಗೆ ಮೆತ್ತಗಿನ ದನಿಯಲ್ಲಿ 'ಹುಷಾರು, ಹುಷಾರು' ಅನ್ನಲು ಶುರು ಮಾಡುತ್ತಾನೆ. ಅದನ್ನು ತಡೆದುಕೊಳ್ಳುವುದು ತನ್ನಿಂದಾಗದು. ಹಾಗೆಂದು ಎಷ್ಟೇ ಹೇಳಿಕೊಂಡರೂ, ಮರುದಿನ ಊಟದ ಹೊತ್ತಿಗೆ ಅವಳ ಕಿವಿ ಬಾಗಿಲ ಕಡೆಗೇ ಇತ್ತು.

ಆವತ್ತು ಅವನಿಗಿಂತ ಮೊದಲು ಮ್ಯಾನೇಜರಿಂದ ಕರೆ ಬಂತು.

"ಕೂತ್ಕೊಳ್ಳಿ," ಎಂದರು ಮ್ಯಾನೇಜರು. ಅವರ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು. ಆ ಮೆತ್ತಗಿನ ದನಿಯನ್ನು ಅವಳು ಚೆನ್ನಾಗಿ ಬಲ್ಲಳು. "ನಿಮ್ಮ ಕಣ್ಣಿನ ವಿಷಯ ಗೊತ್ತಾಯ್ತು. ಮೊದಲೇ ಹೇಳಬಾರದಿತ್ತಾ? ಪಠ್ಯಪುಸ್ತಕ ಬೇರೆಯವರು ನೋಡ್ಕೊಳ್ತಾರೆ. ನಾಳೆಯಿಂದ ನೀವು ಮುಂದಿನ ಮೇಜಿಗೆ ಬನ್ನಿ. ಬಂದವರನ್ನ ಕೂರಿಸೋದು, ಫೋನ್ ತಗೊಳೋದು. ಹಗುರ ಕೆಲಸ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಯಾರು ಹೇಳಿದ್ರು ನಿಮಗೆ?"

"ಯಾರೋ ಒಬ್ಬರು... ನಿಮ್ಮ ಮೇಲೆ ಕಾಳಜಿ ಇರೋರು."

ಅವಳು ಹೊರಗೆ ಬಂದಾಗ ಅವನು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ. ಅವಳನ್ನು ಕಂಡು ನಕ್ಕ. ಆ ನಗು ಅವಳ ಹೊಟ್ಟೆಗೆ ಬೆಂಕಿ ಇಟ್ಟಿತು.

"ಸಮಾಧಾನ ಆಯ್ತಾ?"

"ಏನಾಯ್ತು?"

"ಏನೂ ಗೊತ್ತಿಲ್ಲದವರ ಹಾಗೆ ಆಡಬೇಡಿ! ಮ್ಯಾನೇಜರ್‌ಗೆ ಹೇಳಿದ್ರಲ್ಲ. ಕೆಲಸ ಕಿತ್ಕೊಂಡ್ರು. ನಾಳೆಯಿಂದ ನಾನು ಬಾಗಿಲಲ್ಲಿ ಕೂತು ಬಂದವರಿಗೆಲ್ಲ ನಮಸ್ಕಾರ ಹೇಳಬೇಕು!"

ಅವನ ನಗು ಇಳಿಯಿತು. "ನಾನು ಹೇಳಿಲ್ಲ."

"ಈ ಕಟ್ಟಡದಲ್ಲಿ ಗೊತ್ತಿದ್ದದ್ದು ನಿಮಗೊಬ್ಬರಿಗೇ! ನಿಮಗೂ ಕನಿಕರ ಬಂತು, ಅಲ್ವಾ? ಪಾಪ, ಹುಡುಗಿ ಕಷ್ಟಪಡ್ತಿದಾಳೆ, ಒಂದು ಉಪಕಾರ ಮಾಡೋಣ ಅನ್ನಿಸ್ತು. ನಂಬಿದೆ ನೋಡಿ ನಿಮ್ಮನ್ನ... ನನ್ನ ಬುದ್ಧಿಗಿಷ್ಟು!"

ಅವನಿಗೂ ಸ್ವಾಭಿಮಾನವೇನು ಕಮ್ಮಿ ಇರಲಿಲ್ಲ. ಕಿವಿಯವರೆಗೆ ಕೆಂಪಾದ.

"ಹೇಳಿಲ್ಲ ಅಂತ ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲ್ಲ. ಹೇಳೋದೇ ಆಗಿದ್ರೆ ಮೊದಲ ದಿನವೇ ಹೇಳಿ ಕೆಲಸ ಮುಗಿಸ್ತಿದ್ದೆ. ಊಟ ಬಿಟ್ಟು ನಿಮ್ಮ ಬೈಗುಳ ತಿನ್ನೋಕೆ ನನಗೇನು ಹುಚ್ಚಾ?"

"ಹೋಗಿ, ಹೋಗಿ. ಇನ್ನು ನನ್ನ ಮೇಜಿನ ಹತ್ರ ಬರಬೇಡಿ!"

"ಬರ್ತೀನಿ. ಆ ಕೆಲಸ ನಂದು, ಪೂರ್ತಿ ಮಾಡೇ ಹೋಗೋದು. ನಿಮ್ಮ ಜೊತೆ ಮಾತಾಡಲ್ಲ, ಅಷ್ಟೇ."

ಅವನು ಧಡಧಡನೆ ಮೆಟ್ಟಿಲು ಹತ್ತಿಹೋದ. ಅವಳು ಕಂಬಿ ಹಿಡಿದು ನಿಂತಳು. ಗೆದ್ದ ಹಾಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಮನೆಯಲ್ಲಿ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದರು. ಆ ಮನೆಯಲ್ಲಿ ಇರುವುದು ಅಮ್ಮ, ಮಗಳು ಇಬ್ಬರೇ. ಅವಳು ಬ್ಯಾಗ್ ಎಸೆದು ಮಂಚದ ಮೇಲೆ ಕುಸಿದಳು. ತಡೆದುಕೊಂಡಿದ್ದೆಲ್ಲ ಹೊರಗೆ ಬಂತು. ಮ್ಯಾನೇಜರು, ಮುಂದಿನ ಮೇಜು, ಎಲ್ಲವನ್ನೂ ಹೇಳಿ ಮುಗಿಸಿದಳು.

"ಎಲ್ಲಾ ಆ ರಿಪೇರಿಯವನಿಂದ ಅಮ್ಮಾ! ಎಷ್ಟು ನಂಬಿದ್ದೆ ಗೊತ್ತಾ? ಬೆನ್ನಿಗೆ ಚೂರಿ ಹಾಕಿದ!"

ಅಮ್ಮನ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು.

"ಆ ಹುಡುಗನ್ನ ಬೈಬೇಡ ಕಣೇ..."

"ಯಾಕೆ ಬೈಬಾರದು?"

"ಅವನಲ್ಲ. ನಾನೇ ಫೋನ್ ಮಾಡಿದ್ದು ನಿಮ್ಮ ಮ್ಯಾನೇಜರ್‌ಗೆ."

ಒಂದು ಕ್ಷಣ ಅವಳಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಎರಡು ಕಡೆಯಿಂದ ಏಟು ಬಿದ್ದಿತ್ತು. ಅಮ್ಮ ಹೀಗೆ ಮಾಡಿದಳಾ? ಮತ್ತೆ... ನಾನು ಅವನಿಗೆ ಏನೆಲ್ಲ ಅಂದುಬಿಟ್ಟೆ!

"ನೀನಾ ಅಮ್ಮಾ?"

"ಇನ್ನೇನು ಮಾಡ್ಲಿ?" ಅಮ್ಮನ ಕಣ್ಣು ತುಂಬಿತ್ತು. "ಕೆಲಸದಿಂದ ಬಂದು ನೀನು ಕಣ್ಣಿಗೆ ಒದ್ದೆ ಬಟ್ಟೆ ಹಾಕ್ಕೊಂಡು ಮಲಗೋದು ನೋಡೋಳು ನಾನು. ಹೊಸ ಕಂಪ್ಯೂಟರ್ ಬೇರೆ ಬರತ್ತೆ ಅಂದೆ. ಇರೋ ನಾಲ್ಕು ದಿನದ ದೃಷ್ಟಿನೂ ಆ ಪರದೆಗೆ ಸುರಿದ್ರೆ ಮುಂದೇನು ಗತಿ? ಪೂರ್ತಿ ಹೋದ ಮೇಲೆ ಏನು ಮಾಡ್ತೀಯಾ ಹೇಳು!"

"ಪರದೆ ನೋಡಿದ್ರೆ ಹೋಗಲ್ಲ ಅಂತ ಡಾಕ್ಟರ್ ನಿನ್ನ ಮುಂದೇನೇ ಹೇಳಿದಾರೆ ಅಮ್ಮಾ. ಹೋದ್ರೆ ಹೋದ ದಿನ ನೋಡೋಣ." ಅವಳು ಎದ್ದು ಕೂತಳು. "ಹೋಗೋಕೆ ಮುಂಚೇನೇ ಯಾಕೆ ಎಲ್ಲರೂ ಸೇರಿ ನನ್ನ ಕುರುಡಿ ಮಾಡ್ತೀರಾ? ಕಾಣೋ ಕಣ್ಣಿದೆ ಇವತ್ತು. ಮಾಡೋ ಕೆಲಸ ಇದೆ. ಹೆದರಿಕೆ ನಿಂದು, ಅದಕ್ಕೆ ನನ್ನ ಕುರ್ಚಿ ಯಾಕೆ ಖಾಲಿ ಮಾಡಿಸ್ತೀಯಾ?"

ಅಮ್ಮ ಟವೆಲ್ ಕೆಳಗಿಟ್ಟರು. ಬಂದು ಪಕ್ಕದಲ್ಲಿ ಕೂತು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

"ತಪ್ಪು ಮಾಡಿದೆ ಕಣೇ," ಎಂದರು. "ನಾನೇ ಬಂದು ಮ್ಯಾನೇಜರ್ ಹತ್ರ ಮಾತಾಡ್ತೀನಿ."

"ಬೇಡ. ನಾನೇ ಆಡ್ತೀನಿ."

ಮರುದಿನ ಬೆಳಗ್ಗೆ ಅವಳು ಮುಂದಿನ ಮೇಜಿನ ಕಡೆ ತಿರುಗಿಯೂ ನೋಡದೆ ನೇರ ಹಾಲ್‌ಗೆ ನಡೆದಳು. ಬಾಗಿಲಲ್ಲೇ ಗಲಾಟೆ ಕೇಳಿಸಿತು.

"ಹೇಳಿದಷ್ಟು ಮಾಡಪ್ಪ. ಅದನ್ನೆಲ್ಲ ಅಳಿಸಿ ಮಿಕ್ಕವರ ಥರಾನೇ ಮಾಡು. ಇವತ್ತು ಅಲ್ಲಿ ಬೇರೆಯವರು ಕೂರ್ತಾರೆ." ಮ್ಯಾನೇಜರ ದನಿ.

"ಅಳಿಸಲ್ಲ ಸಾರ್." ಅವನ ದನಿ! "ಇದು ಅವರದ್ದು. ಅಳಿಸು ಅಂತ ಅವರು ಹೇಳಬೇಕು. ನಿಮಗೆ ಅಷ್ಟು ಅವಸರ ಇದ್ರೆ ನೀವೇ ಅಳಿಸ್ಕೊಳ್ಳಿ. ನನ್ನ ಕೈಯಲ್ಲಿ ಆಗಲ್ಲ."

"ಹಾಗಾದ್ರೆ ಇನ್ನು ಇಲ್ಲಿನ ಕೆಲಸ ನಿನಗೆ ಸಿಗಲ್ಲ."

"ಬೇಡ ಬಿಡಿ."

ಅವಳು ಬಾಗಿಲಲ್ಲೇ ನಿಂತಳು. ನಿನ್ನೆ ಅಷ್ಟೆಲ್ಲ ಅಂದಿದ್ದಳು. ಈ ಮನುಷ್ಯ ಇಲ್ಲಿ ಅವಳಿಗೋಸ್ಕರ ಎದೆ ಸೆಟೆಸಿ ನಿಂತಿದ್ದಾನೆ! ಅಳು ಬರುವ ಮೊದಲೇ ಅವಳು ಒಳಗೆ ನುಗ್ಗಿದಳು.

"ನೀವು ಸುಮ್ಮನಿರಿ," ಎಂದಳು ಅವನಿಗೆ. "ಇದು ನನ್ನ ಜಗಳ."

ಅವನು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದ. ಅವಳು ಹೊಸ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಹಾಲ್ ಕಡೆಗೆ ತಿರುಗಿಸಿಟ್ಟಳು. ಕಪ್ಪಿನ ಮೇಲೆ ಹಳದಿ ಅಕ್ಷರ. ಎಲ್ಲರೂ ನೋಡಿದರು.

"ನೋಡಿ. ಎಲ್ಲರೂ ನೋಡಿ. ನನ್ನ ಕಣ್ಣಲ್ಲಿ ತೊಂದರೆ ಇದೆ. ನಾನೇ ಹೇಳ್ತಿದೀನಿ, ಇನ್ನು ಮೇಲೆ ಯಾರೂ ಪಿಸುಗುಟ್ಟೋದು ಬೇಕಾಗಿಲ್ಲ. ಇಷ್ಟು ವರ್ಷ ಮುಚ್ಚಿಟ್ಟೆ, ಅದೊಂದೇ ನಾನು ಮಾಡಿದ ತಪ್ಪು. ಈ ಅಕ್ಷರ ಹೀಗಿದ್ರೆ ನಾನು ಓದ್ತೀನಿ, ತಿದ್ತೀನಿ. ಇಲ್ಲಿಂದ ಹೋದ ಯಾವ ಪುಸ್ತಕದಲ್ಲಾದ್ರೂ ನಾನು ಬಿಟ್ಟ ತಪ್ಪು ತೋರಿಸಿ. ತೋರಿಸಿದ ದಿನ ನಾನಾಗೇ ಎದ್ದು ಹೋಗ್ತೀನಿ. ಅಲ್ಲೀವರೆಗೆ ಈ ಕುರ್ಚಿಯಿಂದ ನನ್ನನ್ನ ಯಾರೂ ಎಬ್ಬಿಸೋ ಹಾಗಿಲ್ಲ!"

ಮ್ಯಾನೇಜರು ಗಂಟಲು ಸರಿ ಮಾಡಿಕೊಂಡರು. "ಹಾಗಲ್ಲಮ್ಮ... ಆಫೀಸು ಅಂದ ಮೇಲೆ ಎಲ್ಲಾ ಒಂದೇ ಥರ ಇರಬೇಕು."

"ಒಂದೇ ಥರನಾ? ಸರಿ. ನಿಮ್ಮ ಕನ್ನಡಕ ತೆಗೆದು ಕೊಡಿ ಸಾರ್. ಎಲ್ಲರೂ ಅದನ್ನೇ ಸರದಿ ಮೇಲೆ ಹಾಕ್ಕೊಂಡು ಕೆಲಸ ಮಾಡೋಣ."

ಹಾಲ್‌ನ ಮೂಲೆಯಿಂದ ಯಾರೋ ಕಿಸಕ್ಕೆಂದರು. ಬೈಂಡಿಂಗ್ ವಿಭಾಗದ ಅಕ್ಕ ಮಾತ್ರ ಬಾಯಿ ಮುಚ್ಚಿಕೊಳ್ಳುವ ಶ್ರಮವನ್ನೂ ತೆಗೆದುಕೊಳ್ಳದೆ ಜೋರಾಗಿ ನಕ್ಕರು. "ಅವಳ ಜಾಗಕ್ಕೆ ಬೇರೆಯವರನ್ನ ಕೂರಿಸಿದ್ರೆ ತಪ್ಪು ಪುಟ ಬಿಚ್ಚಿ ಮತ್ತೆ ಹೊಲಿಯೋಳು ನಾನು ತಾನೇ? ನನ್ನಿಂದಾಗಲ್ಲಪ್ಪ!"

ಮ್ಯಾನೇಜರ ಕೈ ಅರಿವಿಲ್ಲದೆ ಕನ್ನಡಕಕ್ಕೆ ಹೋಯಿತು. ಪೆಚ್ಚಾಗಿ ಮೇಜಿನ ಮೇಲಿದ್ದ ಅವಳ ಪುಟಗಳನ್ನು ಎತ್ತಿ ತಿರುವಿದರು. ಇನ್ನೊಮ್ಮೆ ತಿರುವಿದರು. ಹುಡುಕಿದ್ದು ಸಿಗಲಿಲ್ಲ.

"ಆಯ್ತು, ಈ ಪುಸ್ತಕ ಮುಗೀಲಿ. ಆಮೇಲೆ ನೋಡೋಣ."

"ಆಮೇಲೆ ನೋಡೋಣ ಬೇಡ ಸಾರ್. ಈ ಕಂಪ್ಯೂಟರ್ ಹೀಗೇ ಇರತ್ತೆ, ಇಲ್ಲಿ ನಾನೇ ಕೂರ್ತೀನಿ. ಅಷ್ಟು ಹೇಳಿ."

"ಇರಲಿ ತಗೊ... ತಗೊಳ್ಳಿ. ಹೀಗೇ ಇರಲಿ," ಎಂದು ಗೊಣಗುತ್ತ ಅವರು ತಮ್ಮ ಕೋಣೆಗೆ ನಡೆದರು.

ಅವಳು ಕುರ್ಚಿಯಲ್ಲಿ ಕೂತಳು. ಎರಡು ಅಕ್ಷರ ಒತ್ತಿದಳು, ಉದ್ದನೆಯ ಪದ ತಾನಾಗಿ ಮೂಡಿತು. ಅವನು ಅಷ್ಟರಲ್ಲಿ ಹಳೆಯ ಕಂಪ್ಯೂಟರನ್ನು ಹೊತ್ತುಕೊಂಡು ಹಿಂದಿನ ಸಾಮಾನಿನ ಕೋಣೆಗೆ ಹೋಗಿಬಿಟ್ಟಿದ್ದ. ಒಂದು ಮಾತಿಲ್ಲ, ತಿರುಗಿ ನೋಡಿದ್ದೂ ಇಲ್ಲ.

ಅವಳು ಹಿಂದೆಯೇ ಹೋದಳು.

ಸಾಮಾನಿನ ಕೋಣೆಯ ತುಂಬ ಕಾಗದದ ಕಟ್ಟುಗಳು, ಗೋಡೆಗೆ ಒರಗಿಸಿಟ್ಟ ಹಳೆಯ ಕಂಪ್ಯೂಟರ್‌ಗಳು. ಅವನು ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದ.

"ಹೊಸದರಲ್ಲಿ ಎಲ್ಲಾ ಬಂದಿದ್ಯಾ ನೋಡಿದ್ರಾ?" ಎಂದ ತಲೆ ಎತ್ತದೆ, ಗಿರಾಕಿಗೆ ಹೇಳುವ ದನಿಯಲ್ಲಿ. "ನೀವು ಬಂದಿದೆ ಅಂದ್ರೆ ಹಳೇದನ್ನ ಖಾಲಿ ಮಾಡ್ತೀನಿ."

"ಒಂದು ಬಂದಿಲ್ಲ."

ಅವನು ಗಾಬರಿಯಿಂದ ಎದ್ದ. "ಏನು ಬಂದಿಲ್ಲ? ಎಲ್ಲಾ ಎರಡೆರಡು ಸಲ ನೋಡಿದೀನಲ್ಲ!"

"ನಿಮ್ಮ ನಗು. ದಿನಾ ಊಟದ ಹೊತ್ತಲ್ಲಿ ಇರ್ತಿತ್ತು. ನಿನ್ನೆ ಮೆಟ್ಟಿಲ ಹತ್ರ ನಾನೇ ಅಳಿಸಿಬಿಟ್ಟೆ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ತಪ್ಪೊಪ್ಪಿಕೊಳ್ಳುವುದು ಅಭ್ಯಾಸವಿಲ್ಲದ ಜೀವ ನೋಡಿ! "ಹೇಳಿದ್ದು ನಮ್ಮಮ್ಮ. ನೀವಲ್ಲ. ಕೇಳದೇ, ಯೋಚಿಸದೇ ಏನೇನೋ ಅಂದುಬಿಟ್ಟೆ. ನನ್ನದೇ ತಪ್ಪು."

ಅವನು ವೈರನ್ನು ಕೆಳಗಿಟ್ಟ. ಮುಖದ ಬಿಗಿ ಸಡಿಲವಾಯಿತು.

"ನಂದೂ ಒಂದು ತಪ್ಪಿದೆ."

"ಏನು?"

"ನಿಮ್ಮ ಕೆಲಸ ಮುಗಿದು ಎಷ್ಟೋ ದಿನ ಆಯ್ತು."

"ಅಂದ್ರೆ? ನಿನ್ನೆಯವರೆಗೂ ಬಂದು ಏನು ಮಾಡ್ತಿದ್ರಿ ಮತ್ತೆ?"

"ಮಾಡಿದ್ದನ್ನೇ ಬಿಚ್ಚಿ ಮತ್ತೆ ಮಾಡ್ತಿದ್ದೆ." ಅವನು ಕಾಗದದ ಕಟ್ಟುಗಳ ಕಡೆ ನೋಡುತ್ತ ಹೇಳಿದ. "ಆ ಟಿಣ್ ಅನ್ನೋ ಗಂಟೆ ಪದೇ ಪದೇ ಕೆಡ್ತಿತ್ತಲ್ಲ... ಹೋಗುವಾಗ ನಾನೇ ಕೆಡಿಸಿ ಹೋಗ್ತಿದ್ದೆ."

"ಕಳ್ಳ!"

"ಬರೋಕೆ ಬೇರೆ ನೆಪ ಗೊತ್ತಾಗಲಿಲ್ಲ. ನೀವು ಬೈಯದೇ ಇದ್ರೆ ನನಗೆ ಊಟ ಸೇರಲ್ಲ ಅನ್ನೋ ಹಾಗಾಗಿದೆ. ನೀವಂದ್ರೆ ಇಷ್ಟ ನನಗೆ. ತುಂಬಾ ಇಷ್ಟ."

ಅವಳಿಗೆ ಹೌದು ಅನ್ನಬೇಕು ಅನ್ನಿಸಿತು. ಆದರೆ ಅದಕ್ಕೂ ಮೊದಲು ಕೇಳಲೇಬೇಕಾದದ್ದೊಂದಿತ್ತು.

"ಕನಿಕರ ಅಲ್ವಲ್ಲ?"

"ಕನಿಕರ ಪಡೋಕೆ ನೀವು ಒಂದು ನಿಮಿಷ ಪುರುಸೊತ್ತು ಕೊಟ್ಟಿದ್ರೆ ತಾನೇ?"

ಅವಳಿಗೆ ನಗು ಬಂತು. ಆದರೂ ಬಿಡಲಿಲ್ಲ.

"ಮುಂದೊಂದು ದಿನ ಪೂರ್ತಿ ಕಾಣದೇ ಹೋದ್ರೆ? ಸುಳ್ಳು ಸಮಾಧಾನ ಬೇಡ ನನಗೆ."

ಅವನು ಯೋಚಿಸಿದ.

"ಹೆದರಿಕೆ ಆಗತ್ತೆ," ಎಂದ. "ಇಲ್ಲ ಅಂದ್ರೆ ಸುಳ್ಳಾಗತ್ತೆ. ಆ ದಿನ ಬಂದ್ರೆ ಇಬ್ಬರೂ ಕೂತು ಹೆದರೋಣ. ನಿಮಗೆ ಆಗ ಏನು ಬೇಕು ಅಂತ ನೀವೇ ಹೇಳ್ತೀರಾ, ಬೈದೇ ಹೇಳ್ತೀರಾ, ನಾನು ಕಲೀತೀನಿ."

ಅವಳಿಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅವನ ಮುಖ ಪೂರ್ತಿ ಮಸುಕಾಯಿತು. ಮಸುಕಾದರೇನು, ಎಲ್ಲಿ ನಿಂತಿದ್ದಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈ ಚಾಚಿದಳು.

"ನನಗೂ ಇಷ್ಟ," ಎಂದಳು. "ಹಿಡ್ಕೋ."

"ಏನಂದ್ರಿ?"

"ಹಿಡ್ಕೋ ಅಂದೆ. ಕಿವಿ ಕೇಳಿಸಲ್ವಾ?"

ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಧೂಳು ಮೆತ್ತಿದ್ದ, ಬೆಚ್ಚಗಿನ ಕೈಗಳು.

"ಇನ್ನು ಬಿಡಲ್ಲ ಕಣೇ."

"ಬಿಟ್ಟು ನೋಡು!" ಎಂದಳು ಅವಳು.